ಕಾರು-ಕಾರಣ ಮೀಮಾಂಸೆ

(ಆರು ಪ್ರಮಾಣಗಳಿಂದ ಕೂಡಿದ, ಸಾಲದ ಕಂತು ಕಟ್ಟಿ ಮುಗಿಸಿದವರಿಗೆ ಮಾತ್ರ ಅಧಿಕಾರವುಳ್ಳ ಕಿರುಶಾಸ್ತ್ರ)

ಉಪೋದ್ಘಾತ

ನಮ್ಮ ಪ್ರಾಚೀನ ಶಾಸ್ತ್ರಗಳು ‘ಅಥ’ ಎಂಬ ಮಂಗಳಶಬ್ದದಿಂದ ಆರಂಭವಾಗುತ್ತವೆ. ಪ್ರಸ್ತುತ ಶಾಸ್ತ್ರವು ‘ಅಯ್ಯೋ’ ಎಂಬ ಶಬ್ದದಿಂದ ಆರಂಭವಾಗುತ್ತದೆ. ಎರಡೂ ಅಕಾರದಿಂದಲೇ ಶುರುವಾಗುವುದರಿಂದ ವೈಯಾಕರಣರು ಆಕ್ಷೇಪಿಸಲಾರರು. ‘ಅಥ’ ಎಂದರೆ ‘ಆದ ಮೇಲೆ’. ಯಾವುದು ಆದ ಮೇಲೆ ಎಂದು ಭಾಷ್ಯಕಾರರು ನೂರಾರು ವರ್ಷ ಜಗಳವಾಡಿದ್ದಾರೆ. ‘ಅಯ್ಯೋ’ ವಿಷಯದಲ್ಲಿ ಆ ಜಗಳವಿಲ್ಲ. ವಾರಂಟಿ ಮುಗಿದ ಮೇಲೆ.

ಇನ್ನು ಪದನಿಷ್ಪತ್ತಿ. ‘ಕಾರು’ ಇಂಗ್ಲಿಷಿನಿಂದ ಬಂದ ಪದವೆಂದು ತಿಳಿದವರು ಅವಸರ ಮಾಡಿದ್ದಾರೆ. ಅದು ಅಚ್ಚಗನ್ನಡದ ಧಾತು, ಕಕ್ಕು ಎಂದರ್ಥ. ಹೊಗೆ ಕಾರುತ್ತದೆ, ಎಣ್ಣೆ ಕಾರುತ್ತದೆ, ಬಿಸಿನೀರು ಕಾರುತ್ತದೆ. ಒಡೆಯನು ವರ್ಷವಿಡೀ ಉಳಿಸಿದ್ದನ್ನು ಒಂದೇ ಮಧ್ಯಾಹ್ನ ಕಾರುವಂತೆ ಮಾಡುತ್ತದೆ. ಆದುದರಿಂದ ಕಾರು. ‘ಕಾರ್’ ಎಂದರೆ ಮಳೆಗಾಲ ಎಂಬ ಅರ್ಥವೂ ಉಂಟು. ಬೆಂಗಳೂರಿನ ಅಂಡರ್‌ಪಾಸಿನಲ್ಲಿ ಒಮ್ಮೆ ನಿಂತವರು ಇದನ್ನೇ ಮುಖ್ಯಾರ್ಥವೆಂದು ಹಿಡಿಯುತ್ತಾರೆ. ‘ಕಾರುಣ್ಯ’ ಎಂಬ ಪದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಗ್ಯಾರೇಜಿನಲ್ಲಿ ವಿಚಾರಿಸಲಾಯಿತು. ಇಲ್ಲವಂತೆ.

ಶಾಸ್ತ್ರವೆಂದ ಮೇಲೆ ನಾಲ್ಕು ಅನುಬಂಧಗಳು ಬೇಕು. ಅಧಿಕಾರಿ: ಸ್ವಂತ ಕಾರಿದ್ದು ಸ್ವಂತ ಗ್ಯಾರೇಜಿಲ್ಲದವನು. ವಿಷಯ: ಕಾರಿನ ಕೇಡು. ಸಂಬಂಧ: ಆ ಕೇಡಿಗೂ ಜೇಬಿಗೂ ಇರುವುದು. ಪ್ರಯೋಜನ: ಇದನ್ನು ಕೊನೆಯಲ್ಲಿ ಹೇಳಲಾಗುವುದು, ಗ್ಯಾರೇಜಿನಲ್ಲೂ ಮೊತ್ತವನ್ನು ಕೊನೆಗೇ ಹೇಳುವುದು.

ಪ್ರಯೋಗಶಾಲೆಯಾಗಿ ಬಳಸಿದ್ದು ಗ್ರಂಥಕರ್ತನ ಸ್ವಂತ ಗಾಡಿ. 2009ರ ಮಾಡಲ್, ಸಣ್ಣ ಹ್ಯಾಚ್‌ಬ್ಯಾಕ್, ಓಡಿದ್ದು 1,38,000 ಕಿಲೋಮೀಟರು. ತಯಾರಕರ ಹೆಸರು ಹೇಳುವುದಿಲ್ಲ. ತಪ್ಪು ಅವರದಲ್ಲವೆಂದು ಮುಂದೆ ಸಿದ್ಧವಾಗಲಿದೆ. ವಿಧಾನವು ಭಾಟ್ಟ ಮೀಮಾಂಸಕರದು. ಯಥಾರ್ಥಜ್ಞಾನಕ್ಕೆ ಅವರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಕಾರಿನ ವಿಷಯದಲ್ಲಿ ಆರೂ ಸಾಲದೆ ಏಳನೆಯದಾಗಿ ಕ್ರೆಡಿಟ್ ಕಾರ್ಡು ಬೇಕಾಗುತ್ತದೆಂಬುದು ಬೇರೆ ಮಾತು.

1. ಪ್ರತ್ಯಕ್ಷ ಪ್ರಮಾಣ

ಸೂತ್ರ: ಕೆಂಪು ಕಂಡರೆ ನಿಲ್ಲು, ಹಳದಿ ಕಂಡರೆ ಹೋಗು, ಆದರೆ ಗ್ಯಾರೇಜಿಗೆ.

ವೃತ್ತಿ: ಕಣ್ಣಿಗೂ ವಸ್ತುವಿಗೂ ಸಂಪರ್ಕವಾದಾಗ ಹುಟ್ಟುವ ಜ್ಞಾನ ಪ್ರತ್ಯಕ್ಷ. ಇಲ್ಲಿ ವಸ್ತುವೆಂದರೆ ಸ್ಟೀರಿಂಗಿನ ಹಿಂದೆ ಹೊತ್ತಿಕೊಳ್ಳುವ ದೀಪಗಳು. ಇವುಗಳಲ್ಲಿ ವರ್ಣಾಶ್ರಮವಿದೆ. ಕೆಂಪು ದೀಪ ಮಾತಾಡಿದರೆ ಎದುರು ಮಾತಾಡಬಾರದು. ಅಲ್ಲಾವುದ್ದೀನನ ದೀಪದ ಆಕಾರದಲ್ಲಿರುವ ಕೆಂಪು ದೀಪವು ಎಂಜಿನ್ನಿನೊಳಗೆ ಆಯಿಲಿನ ಒತ್ತಡ ಬಿದ್ದುಹೋಗಿದೆ ಎಂದು ಸಾರುತ್ತದೆ. ಕಥೆಯಲ್ಲಿ ದೀಪ ಉಜ್ಜಿದರೆ ಭೂತ ಬಂದು ಕೇಳಿದ್ದು ಕೊಡುತ್ತದೆ. ಇಲ್ಲಿ ದೀಪವನ್ನು ಲೆಕ್ಕಿಸದೆ ಇನ್ನೆರಡು ಕಿಲೋಮೀಟರು ಓಡಿಸಿದರೆ ಭೂತ ಬಂದು ಕೇಳಿದ್ದು ತೆಗೆದುಕೊಳ್ಳುತ್ತದೆ. ಆಯಿಲಿಲ್ಲದೆ ಕಬ್ಬಿಣ ಕಬ್ಬಿಣವನ್ನು ಉಜ್ಜುತ್ತದೆ, ಬೇರಿಂಗು ಕಚ್ಚಿಕೊಳ್ಳುತ್ತದೆ, ಎಂಜಿನ್ನು ಜಾಮ್ ಆಗುತ್ತದೆ. ಗಾಡಿ ಬದಿಗೆ ಹಾಕಿ ತಕ್ಷಣ ಕೀಲಿ ತಿರುಗಿಸಿ ಆರಿಸುವುದೊಂದೇ ಪ್ರಾಯಶ್ಚಿತ್ತ.

ಹಳದಿ ದೀಪ ಸೌಮ್ಯ ಸ್ವಭಾವದ್ದು. ಪುಟ್ಟ ಎಂಜಿನ್ನಿನ ಚಿತ್ರವಿರುವ ದೀಪ ಹೊತ್ತಿತೆಂದರೆ ಗಾಡಿಯ ಕಂಪ್ಯೂಟರು ಏನನ್ನೋ ಬರೆದಿಟ್ಟುಕೊಂಡಿದೆ ಎಂದರ್ಥ. ಸ್ಕ್ಯಾನರ್ ಸಿಕ್ಕಿಸಿದರೆ ‘ಪಿ0300’ ಎಂಬಂಥ ಮಂತ್ರಾಕ್ಷರ ಬರುತ್ತದೆ. ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಬೆಂಕಿ ಸರಿಯಾಗಿ ಹೊತ್ತುತ್ತಿಲ್ಲ ಎಂದು ಅದರ ತಾತ್ಪರ್ಯ. ಆದರೆ ಮಂತ್ರವು ರೋಗದ ಊರನ್ನು ಹೇಳುತ್ತದೆಯೇ ಹೊರತು ಮನೆಯ ನಂಬರನ್ನು ಹೇಳುವುದಿಲ್ಲ. ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ಮೂರನ್ನೂ ಒಟ್ಟಿಗೆ ಬದಲಾಯಿಸುವವನು ಭಕ್ತ. ಒಂದೊಂದಾಗಿ ಪರೀಕ್ಷಿಸುವವನು ಜ್ಞಾನಿ.

ಇನ್ನೊಂದು ಪಂಗಡವಿದೆ. ಅವರು ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಕಾಫಿ ಕುಡಿದು, ಮತ್ತೆ ಹಾಕುತ್ತಾರೆ. ದೀಪ ಆರುತ್ತದೆ. ದೀಪ ಆರುವುದಕ್ಕೇ ಬೌದ್ಧರು ನಿರ್ವಾಣ ಎಂದದ್ದು. ಆದರೆ ಕರ್ಮಶೇಷ ಉಳಿದಿರುವುದರಿಂದ ಐವತ್ತು ಕಿಲೋಮೀಟರಿನೊಳಗೆ ಪುನರ್ಜನ್ಮವಾಗುತ್ತದೆ.

ಗ್ರಂಥಕರ್ತನ ಗಾಡಿಯಲ್ಲಿ ಈ ದೀಪ ಹೊತ್ತಿದಾಗ ಗ್ಯಾರೇಜಿನ ಉಸ್ತಾದರು ಸ್ಕ್ಯಾನರ್ ಮುಟ್ಟದೆ ಬಾನೆಟ್ ಎತ್ತಿದರು. ಬ್ಯಾಟರಿಯ ಪಕ್ಕದಲ್ಲಿ ಕಡಲೆಕಾಯಿ ಸಿಪ್ಪೆ, ಅರ್ಧ ಚಪಾತಿ, ಕಡಿದ ವೈರು. “ಇಲಿ ಸಾರ್,” ಎಂದರು. ಗಣಪತಿಯ ವಾಹನವು ಬಡವನ ವಾಹನದೊಳಗೆ ಸಂಸಾರ ಹೂಡಿತ್ತು. ವೈರು ಜೋಡಿಸಿ ಟೇಪು ಸುತ್ತಿದ್ದಕ್ಕೆ 350 ರೂಪಾಯಿ. ಹೊಗೆಸೊಪ್ಪಿನ ಎಲೆ ಇಡಿ ಎಂದರು ಉಸ್ತಾದರು, ಕರಿಮೆಣಸಿನ ಪುಡಿ ಎಂದರು ಪಕ್ಕದ ಮನೆಯವರು, ನುಸಿಗುಳಿಗೆ ಎಂದರು ಎದುರು ಮನೆಯವರು. ಮೂರನ್ನೂ ಇಡಲಾಗಿದೆ. ಇಲಿಗೆ ಈಗ ಊಟದ ಜೊತೆ ತಾಂಬೂಲವೂ ದೊರೆಯುತ್ತಿದೆ.

2. ಅನುಮಾನ ಪ್ರಮಾಣ

ಸೂತ್ರ: ಹೊಗೆಗೆ ಬಣ್ಣವುಂಟು, ಬಣ್ಣಕ್ಕೆ ಬೆಲೆಯುಂಟು.

ವೃತ್ತಿ: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನೈಯಾಯಿಕರ ಪ್ರಸಿದ್ಧ ದೃಷ್ಟಾಂತ. ಅವರ ಕಾಲದಲ್ಲಿ ಬೆಟ್ಟಕ್ಕೆ ಕಾರು ಹತ್ತುತ್ತಿರಲಿಲ್ಲವಾದ್ದರಿಂದ ಹೊಗೆಯ ವರ್ಗೀಕರಣವನ್ನು ಅವರು ಪೂರ್ತಿ ಮಾಡಲಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ. ಪಿಸ್ಟನ್ ರಿಂಗೋ ವಾಲ್ವಿನ ಸೀಲೋ ಸವೆದಿದೆ. ಕಪ್ಪು ಹೊಗೆ ಬಂದರೆ ಊಟ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು. ಬಿಳಿ ಹೊಗೆ ಬಂದು, ಗಾಡಿ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟು ಸಿಲಿಂಡರಿನೊಳಗೆ ನುಗ್ಗುತ್ತಿದೆ. ಚಳಿಗಾಲದ ಬೆಳಿಗ್ಗೆ ಎರಡು ನಿಮಿಷ ಬರುವ ಬಿಳಿ ಆವಿ ಮಾತ್ರ ನಿರುಪದ್ರವಿ. ಅದು ನಮ್ಮ ಬಾಯಿಂದಲೂ ಬರುತ್ತದೆ.

ಮೂಗು ಕೂಡ ಅನುಮಾನದ ಕರಣವೇ. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿದವರಿಗೆ ಸೋಮೇಶ್ವರ ಮುಟ್ಟುವ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ, ಪೆಡಲು ಸ್ಪಂಜಿನಂತೆ ಒಳಹೋಗುತ್ತದೆ. ಬ್ರೇಕ್ ಆಯಿಲಿಗೆ ಗಾಳಿಯಲ್ಲಿನ ತೇವವನ್ನು ಹೀರುವ ಚಪಲವಿದೆ. ಹಳೆಯ ಆಯಿಲು ಬೇಗ ಕುದಿದು ಗುಳ್ಳೆಯೇಳುತ್ತದೆ, ಗುಳ್ಳೆ ಒತ್ತಡವನ್ನು ನುಂಗುತ್ತದೆ. ಆದ್ದರಿಂದಲೇ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆಂಬ ವಿಧಿ. ಹತ್ತಿದ ಗೇರಿನಲ್ಲೇ ಇಳಿ ಎಂಬುದು ಹಳೆಯ ಲಾರಿ ಚಾಲಕರ ಸ್ಮೃತಿವಾಕ್ಯ. ಎಂಜಿನ್ನು ಹಿಡಿದು ನಿಲ್ಲಿಸುವ ಕೆಲಸಕ್ಕೆ ಬಿಲ್ಲು ಬರುವುದಿಲ್ಲ. ಬ್ರೇಕು ಮಾಡಿದರೆ ಬರುತ್ತದೆ.

ಘಟ್ಟ ಹತ್ತುವಾಗಿನ ಸುಟ್ಟ ವಾಸನೆಯ ಕಾರಣ ಬೇರೆ: ಅರ್ಧ ಕ್ಲಚ್ಚು. ಎಂಜಿನ್ನು ಅರಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕ್ಲಚ್ ಪ್ಲೇಟಿನ ಬೆಲೆ ಕೇಳಿ ಸಮಾಧಾನ ಪಟ್ಟುಕೊಳ್ಳಬಾರದು. ಅದನ್ನು ತಲುಪಲು ಗೇರ್‌ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಪ್ರೆಷರ್ ಪ್ಲೇಟು, ಬೇರಿಂಗು ಒಟ್ಟಿಗೇ ಹಾಕುವುದು ಜಾಣತನ. ಮಜೂರಿಯ ಮುಕ್ಕಾಲು ಪಾಲು ತಲುಪುವುದಕ್ಕೇ. ತೀರ್ಥಯಾತ್ರೆಯಲ್ಲಿ ದೇವರ ದರ್ಶನ ಒಂದು ನಿಮಿಷ, ಉಳಿದದ್ದೆಲ್ಲ ದಾರಿಖರ್ಚು ಎಂಬಂತೆ.

3. ಉಪಮಾನ ಪ್ರಮಾಣ

ಸೂತ್ರ: ‘ಅದರ ಹಾಗೇ ಇರುತ್ತೆ ಸಾರ್.’

ವೃತ್ತಿ: ಹಸುವಿನ ಹಾಗಿರುವುದು ಗವಯ ಎಂದು ಕೇಳಿದ ಪಟ್ಟಣಿಗನು ಕಾಡಿಗೆ ಹೋಗಿ ಗವಯವನ್ನು ಗುರುತಿಸುವುದು ಉಪಮಾನಕ್ಕೆ ದೃಷ್ಟಾಂತ. ನಮ್ಮಲ್ಲಿ ಕಾಡೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ. ಹಸುವೆಂದರೆ ಕಂಪನಿಯ ಡಬ್ಬಿಯಲ್ಲಿ ಬರುವ ಒರಿಜಿನಲ್ಲು. ಗವಯವೆಂದರೆ ಒರಿಜಿನಲ್ಲಿನ ಹಾಗಿರುವುದು.

ಬಿಡಿಭಾಗಗಳಲ್ಲಿ ನಾಲ್ಕು ಜಾತಿ. ಕಾರಿನ ಕಂಪನಿಯ ಮುದ್ರೆಯುಳ್ಳದ್ದು ಮೊದಲನೆಯದು. ಅದೇ ಭಾಗವನ್ನು ಕಂಪನಿಗೆ ಮಾಡಿಕೊಡುವ ಕಾರ್ಖಾನೆ ತನ್ನದೇ ಹೆಸರಿನ ಡಬ್ಬಿಯಲ್ಲಿ ಮಾರುವುದು ಎರಡನೆಯದು. ಒಳಗಿನ ವಸ್ತು ಬಹುಮಟ್ಟಿಗೆ ಒಂದೇ, ಬೆಲೆ ಕಡಿಮೆ. ಇದು ಹಸುವೇ, ಹಗ್ಗ ಮಾತ್ರ ಬೇರೆ. ಮೂರನೆಯದು ಲೋಕಲ್ಲು. ನಾಲ್ಕನೆಯದು ಗುಜರಿ, ಶಿವಾಜಿನಗರದಲ್ಲಿ ಪೂರ್ವಜನ್ಮದ ಗಾಡಿಗಳಿಂದ ಬಿಡಿಸಿಟ್ಟದ್ದು. ಬಾಗಿಲ ಹಿಡಿ, ಕನ್ನಡಿ, ಒಳಗಿನ ಪ್ಲಾಸ್ಟಿಕ್ಕು ಇವಕ್ಕೆ ಗುಜರಿ ಪ್ರಶಸ್ತ. ಬ್ರೇಕ್ ಪ್ಯಾಡಿಗೆ ಉಪಮಾನವನ್ನು ಪ್ರಯೋಗಿಸಕೂಡದು. ಗವಯವು ನಿಲ್ಲುವುದಿಲ್ಲ.

ಉಪಮಾನದ ಇನ್ನೊಂದು ರೂಪ ಬಂಧುವಾಕ್ಯ. ನಿಮ್ಮ ಗಾಡಿಯ ಸದ್ದನ್ನು ವರ್ಣಿಸಿದ ಕೂಡಲೇ ಮದುವೆಮನೆಯಲ್ಲಿ ಯಾರಾದರೊಬ್ಬರು, “ನಮ್ಮ ಚಿಕ್ಕಪ್ಪನ ಗಾಡೀಲೂ ಹೀಗೇ ಆಗಿತ್ತು, ಎಂಜಿನ್ನೇ ಇಳಿಸಿಬಿಟ್ರು,” ಎನ್ನುತ್ತಾರೆ. ಚಿಕ್ಕಪ್ಪಂದಿರ ಗಾಡಿಗಳಲ್ಲಿ ಎಂಜಿನ್ನು ಇಳಿಯದೆ ಸರಿಹೋದ ಉದಾಹರಣೆ ಸಂಶೋಧನೆಗೆ ಸಿಕ್ಕಿಲ್ಲ.

4. ಶಬ್ದ ಪ್ರಮಾಣ

ಸೂತ್ರ: ಸದ್ದು ಬಂದರೆ ಖರ್ಚು, ಸದ್ದು ತಾನಾಗಿ ನಿಂತರೆ ದೊಡ್ಡ ಖರ್ಚು.

ವೃತ್ತಿ: ಶಾಸ್ತ್ರಗಳಲ್ಲಿ ಶಬ್ದವೆಂದರೆ ಆಪ್ತವಾಕ್ಯ, ಅಂದರೆ ನಂಬಬಹುದಾದವರ ಮಾತು. ಕಾರಿನ ಶಾಸ್ತ್ರದಲ್ಲಿ ಶಬ್ದವೆಂದರೆ ಶಬ್ದವೇ. ಆದರೂ ಎರಡೂ ಒಂದು ಕಡೆ ಕೂಡುತ್ತವೆ. ನಮ್ಮ ಮನೆಯಲ್ಲಿ ಆಪ್ತವಾಕ್ಯವು ಎಡಗಡೆ ಸೀಟಿನಿಂದ ಬರುತ್ತದೆ: “ರೀ, ಏನೋ ಸದ್ದು ಬರ್ತಿದೆ.”

ಶಬ್ದಕೋಶವನ್ನು ಸಂಗ್ರಹವಾಗಿ ಕೊಡುತ್ತೇವೆ.

‘ಟಿಕ್ ಟಿಕ್ ಟಿಕ್’: ಕೀಲಿ ತಿರುಗಿಸಿದಾಗ. ಸೆಲ್ಫ್ ಹೊಡೆಯುವಷ್ಟು ಜೀವ ಬ್ಯಾಟರಿಯಲ್ಲಿಲ್ಲ. ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು, ಎಂಜಿನ್ನು ಓಡುವಾಗ ಸುಮಾರು 14. ಓಡುವಾಗಲೂ 12 ದಾಟದಿದ್ದರೆ ತಪ್ಪು ಬ್ಯಾಟರಿಯದಲ್ಲ, ಆಲ್ಟರ್ನೇಟರಿನದು. ಇದನ್ನು ಅಳೆಯದೆ ಹೊಸ ಬ್ಯಾಟರಿ ಹಾಕಿಸಿದವನು ಮೂರನೇ ದಿನ ಮತ್ತೆ ಟಿಕ್ ಟಿಕ್ ಕೇಳುತ್ತಾನೆ.

‘ಕೀಚ್’: ಚಳಿಯ ಬೆಳಿಗ್ಗೆ, ಸ್ಟಾರ್ಟ್ ಮಾಡಿದೊಡನೆ. ಬೆಲ್ಟು ಸಡಿಲ ಅಥವಾ ಮುದಿ.

‘ಕುಂಯ್’: ಬ್ರೇಕ್ ಒತ್ತಿದಾಗ. ಪ್ಯಾಡು ಸವೆದು ಹೋಗಿ, ಎಚ್ಚರಿಕೆಗೆಂದೇ ಇಟ್ಟ ತಗಡಿನ ನಾಲಿಗೆ ಡಿಸ್ಕನ್ನು ಮುಟ್ಟುತ್ತಿದೆ. ಈ ಸದ್ದನ್ನು ಎಂಜಿನಿಯರುಗಳು ಬೇಕೆಂದೇ ಇಟ್ಟಿದ್ದಾರೆ. ಮನುಷ್ಯನ ಕಿವಿಯನ್ನು ನಂಬಿ ಅವರು ಮಾಡಿದ ಅಪರೂಪದ ತಪ್ಪು.

‘ಕರ್ರ್‌ಕರ್ರ್’: ಅದೇ ಬ್ರೇಕು, ಒಂದು ತಿಂಗಳ ನಂತರ. ಪ್ಯಾಡಿನ ಕಬ್ಬಿಣ ಡಿಸ್ಕನ್ನು ಕೆತ್ತುತ್ತಿದೆ. ಎರಡು ಸಾವಿರದಲ್ಲಿ ಮುಗಿಯುತ್ತಿದ್ದದ್ದು ಈಗ ಡಿಸ್ಕಿನ ಸಮೇತ.

‘ಕಟ್ ಕಟ್ ಕಟ್’: ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ. ಆಕ್ಸೆಲಿನ ರಬ್ಬರ್ ಬೂಟು ಹರಿದು, ಗ್ರೀಸು ಹೊರಗೆ, ಧೂಳು ಒಳಗೆ. ಬೂಟಿಗೆ ಕೆಲವು ನೂರು ರೂಪಾಯಿ. ಜಾಯಿಂಟು ಹೋದಮೇಲೆ ಸಾವಿರಗಳ ಲೆಕ್ಕ.

‘ಹೂಂ…’: ವೇಗದ ಜೊತೆ ಏರುವ ತಂಬೂರಿಯ ಶ್ರುತಿ. ಚಕ್ರದ ಬೇರಿಂಗು.

‘ಟಣ್’: ಹಂಪು ಇಳಿದಾಗ. ಲಿಂಕ್ ರಾಡು ಅಥವಾ ಲೋಯರ್ ಆರ್ಮಿನ ಬುಷ್ಷು. ಇದರ ಕಾರಣವನ್ನು ಗಾಡಿಯಲ್ಲಿ ಹುಡುಕದೆ ರಸ್ತೆಯಲ್ಲಿ ಹುಡುಕಬೇಕು. ದುಂಡು ಹಂಪು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರಿನಲ್ಲಿ ಅದನ್ನು ದಾಟುವಂತಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲಕ್ಷಣ ಬರೆದಿದೆ. ನಮ್ಮ ಬಡಾವಣೆಯ ಹಂಪನ್ನು ಗ್ರಂಥಕರ್ತನು ಸ್ವತಃ ಮಗಳ ಸ್ಕೇಲಿನಿಂದ ಅಳೆದನು. ಎತ್ತರಕ್ಕೆ ಸ್ಕೇಲು ಸಾಲಲಿಲ್ಲ. ಅಗಲಕ್ಕೆ ಸ್ಕೇಲು ಹೆಚ್ಚಾಯಿತು.

ಇಷ್ಟು ಸದ್ದುಗಳಿದ್ದರೂ ನಾವು ಮಾಡುವುದು ಒಂದೇ ಕೆಲಸ: ರೇಡಿಯೊ ಜೋರು ಮಾಡುವುದು. ಕಾರಿನ ಎಲ್ಲ ರೋಗಗಳಿಗೂ ತಾತ್ಕಾಲಿಕವಾಗಿ ಕೆಲಸ ಮಾಡುವ ಏಕೈಕ ಔಷಧಿ ಅದು. ಆಪ್ತವಾಕ್ಯವು ಎಡಗಡೆಯಿಂದ ಎರಡನೇ ಸಲ ಬಂದಾಗ, “ರೋಡ್ ಹಾಗಿದೆ ಕಣೇ,” ಎನ್ನುವುದು ಸಂಪ್ರದಾಯ.

ಉಸ್ತಾದರ ವಿಧಾನ ಬೇರೆ. ಗಾಡಿ ಓಡಿಸಿ ನೋಡಲು ಕೂತ ಕೂಡಲೇ ಅವರು ಕೀಲಿ ಮುಟ್ಟಲಿಲ್ಲ, ಗೇರು ಮುಟ್ಟಲಿಲ್ಲ. ಕೈ ಚಾಚಿ ಮೊದಲು ರೇಡಿಯೊ ಆರಿಸಿದರು. ಆಮೇಲೆ ಕಿಟಕಿ ಇಳಿಸಿ ಗೋಡೆಯ ಪಕ್ಕದಲ್ಲಿ ನಿಧಾನ ಓಡಿಸಿದರು; ಗೋಡೆ ಸದ್ದನ್ನು ಕಿವಿಗೆ ವಾಪಸು ಕೊಡುತ್ತದಂತೆ. ನಲವತ್ತು ಮಾರು ಹೋಗುವಷ್ಟರಲ್ಲಿ, “ಎಡಗಡೆ ಲಿಂಕ್ ರಾಡು. ಮೂರ್ನಾಲ್ಕು ತಿಂಗಳಿಂದ ಬರ್ತಿರ್ಬೇಕಲ್ಲ ಸಾರ್?” ಎಂದರು. ಎಡಗಡೆ ಸೀಟಿನವರು ಆ ಹೊತ್ತಿಗೆ ಮನೆಯಲ್ಲಿದ್ದುದು ಗ್ರಂಥಕರ್ತನ ಪುಣ್ಯ.

ಇಲ್ಲಿಂದ ಹೊರಟದ್ದೇ ಈ ಶಾಸ್ತ್ರದ ಮುಖ್ಯ ಸಿದ್ಧಾಂತ. ಸದ್ದು ಕೇಳಿಸುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಕೇಳಿಸಿದ ದಿನದಿಂದ ಕೇಳಿಸಿಕೊಂಡ ದಿನದವರೆಗಿನ ಬಾಡಿಗೆಯನ್ನೇ ಲೋಕದಲ್ಲಿ ರಿಪೇರಿ ಖರ್ಚು ಎಂದು ಕರೆಯುತ್ತಾರೆ.

5. ಅರ್ಥಾಪತ್ತಿ ಪ್ರಮಾಣ

ಸೂತ್ರ: ಅರ್ಥಕ್ಕೆ ಬಂದ ಆಪತ್ತು ಅರ್ಥಾಪತ್ತಿ.

ವೃತ್ತಿ: ದೇವದತ್ತನು ದಪ್ಪಗಿದ್ದಾನೆ; ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು. ಹೀಗೆ ಕಾಣದ ಕಾರಣವನ್ನು ಕಲ್ಪಿಸಿಕೊಳ್ಳದ ಹೊರತು ಕಂಡದ್ದು ಹೊಂದದಿರುವಾಗ ಮಾಡುವ ಕಲ್ಪನೆ ಅರ್ಥಾಪತ್ತಿ. ನಮ್ಮ ರೇಡಿಯೇಟರು ದೇವದತ್ತನಿಗೆ ತಿರುಗುಮುರುಗು. ದಿನದಿನಕ್ಕೆ ಬಡವಾಗುತ್ತಿತ್ತು, ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಹಾಗಾದರೆ ಎಲ್ಲೋ ಗುಟ್ಟಾಗಿ ಹೋಗುತ್ತಿರಲೇಬೇಕು ಎಂದು ಕುಮಾರಿಲ ಭಟ್ಟರಾದರೆ ನಿರ್ಣಯಿಸುತ್ತಿದ್ದರು. ಗ್ರಂಥಕರ್ತನು, “ಬಿಸಿಲಿಗೆ ಇಂಗಿರಬೇಕು,” ಎಂದು ನಿರ್ಣಯಿಸಿ ನಲ್ಲಿ ನೀರು ತುಂಬಿಸಿದನು. ಮೂರು ತಿಂಗಳು ತುಂಬಿಸಿದನು.

ಕೂಲೆಂಟೆಂದರೆ ಬಣ್ಣದ ನೀರೆಂದು ನಂಬಿದವರ ಪೈಕಿ ಅವನೂ ಒಬ್ಬ. ಅದರಲ್ಲಿರುವ ಗ್ಲೈಕಾಲು ನೀರು ಕುದಿಯುವ ಬಿಂದುವನ್ನು ಮೇಲಕ್ಕೇರಿಸುತ್ತದೆ. ಜೊತೆಗೆ ಮುಚ್ಚಳವು ಒತ್ತಡ ಹಿಡಿದಿಟ್ಟು ಇನ್ನಷ್ಟು ಏರಿಸುತ್ತದೆ. ಅದರ ಔಷಧಿಗಳು ತುಕ್ಕು ತಡೆಯುತ್ತವೆ. ನಲ್ಲಿ ನೀರು ಗ್ಲೈಕಾಲಿಗೂ ಔಷಧಿಗೂ ಅಡ್ಡ.

ಉಜಿರೆಯ ಕಡೆಯಿಂದ ಚಾರ್ಮಾಡಿ ಹತ್ತುವಾಗ ಉತ್ತರ ಸಿಕ್ಕಿತು. ಮುಂದೆ ಕಟ್ಟಿಗೆ ತುಂಬಿದ ಲಾರಿ, ಎರಡನೇ ಗೇರು, ಏಸಿ, ಐದು ಜನ, ಡಿಕ್ಕಿಯಲ್ಲಿ ಹಲಸಿನಹಣ್ಣು. ಟೆಂಪರೇಚರ್ ಮುಳ್ಳು ಎದ್ದು ನಿಂತಿತು. ಬಾನೆಟ್ಟಿನ ಸಂದಿಯಿಂದ ಆವಿ. ಬೆಟ್ಟ, ಹೊಗೆ, ಎರಡೂ ಪ್ರತ್ಯಕ್ಷ. ಅನುಮಾನಕ್ಕೆ ಕೆಲಸವೇ ಉಳಿಯಲಿಲ್ಲ.

ನಿಂತ ಕಾರಿನ ಸುತ್ತ ಐದು ನಿಮಿಷದಲ್ಲಿ ಪಂಡಿತಸಭೆ ಕೂಡುವುದು ಘಟ್ಟದ ನಿಯಮ. ಒಬ್ಬರು, “ಮುಚ್ಚಳ ತೆಗೀರಿ, ಗಾಳಿ ಹೋಗ್ಲಿ,” ಎಂದರು. ತೆಗೆದಿದ್ದರೆ ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೇ ಚಿಮ್ಮುತ್ತಿತ್ತು. ಇನ್ನೊಬ್ಬರು ತೊರೆಯ ತಣ್ಣೀರು ತಂದು ಎಂಜಿನ್ನಿನ ಮೇಲೆ ಹುಯ್ಯಲು ಬಂದರು. ಕೆಂಡದಂಥ ಲೋಹಕ್ಕೆ ತಣ್ಣೀರು ಬಿದ್ದರೆ ಸೀಳು ಬಿಡಬಹುದು. ಲಾರಿಯ ಕ್ಲೀನರ್ ಹುಡುಗ ಇಬ್ಬರನ್ನೂ ತಡೆದು, “ಅಣ್ಣ, ಏನೂ ಮುಟ್ಬೇಡಿ. ಮುಕ್ಕಾಲು ಗಂಟೆ ಕೂತ್ಕೊಳ್ಳಿ,” ಎಂದ. ಆ ಸಭೆಯಲ್ಲಿ ಸುಮ್ಮನೆ ಕೂರಲು ಹೇಳಿದವನು ಅವನೊಬ್ಬನೇ. ನಾವು ಹಲಸಿನಹಣ್ಣು ಬಿಡಿಸಿ ತಿಂದೆವು.

ಮರುದಿನ ಉಸ್ತಾದರು ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲು ಹಾಲು ಬೆರೆಸಿದ ಕಾಫಿಯಾಗಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ನೀರೂ ಎಣ್ಣೆಯೂ ಒಂದಾಗಿದ್ದವು. ಅದ್ವೈತ ಎಲ್ಲ ಕಡೆಯೂ ಒಳ್ಳೆಯದಲ್ಲ. ಎಷ್ಟಾಗುತ್ತೆ ಎಂದು ಕೇಳಿದಾಗ ಅವರು ಗ್ಯಾರೇಜಿನ ಮಹಾವಾಕ್ಯವನ್ನು ಉಚ್ಚರಿಸಿದರು: “ಬಿಚ್ಚಿ ನೋಡ್ಬೇಕು ಸಾರ್.” ಬಿಚ್ಚಿದರು. ಹೆಡ್ ಸೊಟ್ಟಗಾಗಿತ್ತು. ಲೇತಿಗೆ ಕಳಿಸಿ ಮಟ್ಟ ಮಾಡಿಸಿ, ಗ್ಯಾಸ್ಕೆಟ್ ಸೆಟ್ಟು, ಆಯಿಲು, ಕೂಲೆಂಟು, ಮಜೂರಿ ಸೇರಿ 18,400 ರೂಪಾಯಿ.

ಮೂಲಕಾರಣವನ್ನು ಅವರು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ರೇಡಿಯೇಟರ್ ಪೈಪಿನ ತುದಿಯ ಒಂದು ಕ್ಲಿಪ್ಪು, ತುಕ್ಕು ಹಿಡಿದು ಸಡಿಲವಾದದ್ದು. ಹನಿ ನೆಲ ಮುಟ್ಟುವ ಮೊದಲೇ ಬಿಸಿ ಎಂಜಿನ್ನಿನ ಮೇಲೆ ಬಿದ್ದು ಆವಿಯಾಗುತ್ತಿತ್ತು; ದೇವದತ್ತನು ಅಡುಗೆಮನೆಯಲ್ಲೇ ನಿಂತು ಉಣ್ಣುತ್ತಿದ್ದನು. ಹೊಸ ಕ್ಲಿಪ್ಪಿಗೆ 40 ರೂಪಾಯಿ. ಉಳಿದ 18,360 ಮೂರು ತಿಂಗಳ ಬಾಡಿಗೆ. ಮೇಲಿನ ಸಿದ್ಧಾಂತವನ್ನು ಗ್ರಂಥಕರ್ತನು ಹೀಗೆ ಸ್ವಂತ ಖರ್ಚಿನಲ್ಲಿ ಸಾಧಿಸಿದ್ದಾನೆ.

6. ಅನುಪಲಬ್ಧಿ ಪ್ರಮಾಣ

ಸೂತ್ರ: ಗ್ಯಾರೇಜಿನ ಗೇಟಿನಲ್ಲಿ ಸದ್ದಿಲ್ಲ, ಬಿಲ್ಲಿನ ನಂತರ ದುಡ್ಡಿಲ್ಲ.

ವೃತ್ತಿ: ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ಹದಿನೈದು ದಿನ ಊರಿಗೆಲ್ಲ ಕೇಳಿಸಿದ ಸದ್ದು ಗ್ಯಾರೇಜಿನ ಗೇಟು ದಾಟಿದೊಡನೆ ನಿಂತುಬಿಡುತ್ತದೆ. ಹಲ್ಲುನೋವು ಡಾಕ್ಟರ ಕುರ್ಚಿಯಲ್ಲಿ ಮಾಯವಾಗುವ ಹಾಗೆ. ಉಸ್ತಾದರು ನಮ್ಮ ಮುಖ ನೋಡುತ್ತಾರೆ. ನಾವು ಬಾಯಿಂದ ಸದ್ದು ಮಾಡಿ ತೋರಿಸುತ್ತೇವೆ. ವಯಸ್ಸಾದ ಗೃಹಸ್ಥನೊಬ್ಬ ಹಾಡುಹಗಲಲ್ಲಿ “ಕಟಕಟ… ಅಲ್ಲ, ಗಟಗಟ” ಎನ್ನುವ ದೃಶ್ಯವನ್ನು ಹೆಲ್ಪರ್ ಹುಡುಗರು ಸಂಜೆ ಪುನರಭಿನಯಿಸುತ್ತಾರೆಂದು ಕೇಳಿದ್ದೇವೆ. ಇದಕ್ಕೆ ಪರಿಹಾರವುಂಟು: ಸದ್ದು ಬಂದಾಗ ವೇಗವೆಷ್ಟು, ಎಂಜಿನ್ನು ತಣ್ಣಗಿತ್ತೋ ಬಿಸಿಯೋ, ತಿರುಗುವಾಗಲೋ ನೇರ ಹೋಗುವಾಗಲೋ ಎಂದು ಚೀಟಿಯಲ್ಲಿ ಬರೆದುಕೊಳ್ಳುವುದು, ಪಕ್ಕದಲ್ಲಿದ್ದವರು ಮೊಬೈಲಿನಲ್ಲಿ ಹಿಡಿದಿಟ್ಟರೆ ಇನ್ನೂ ಮೇಲು.

ಅಭಾವ ನಾಲ್ಕು ಬಗೆ ಎಂದು ತಾರ್ಕಿಕರು ಹೇಳಿದ್ದಾರೆ. ಸಂಬಳಕ್ಕೆ ಮೊದಲು ಜೇಬಿನಲ್ಲಿ ದುಡ್ಡಿಲ್ಲದಿರುವುದು ಪ್ರಾಗಭಾವ. ಬಿಲ್ಲು ಕಟ್ಟಿದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಎಸ್ಟಿಮೇಟೇ ಬೇರೆ, ಬಿಲ್ಲೇ ಬೇರೆ, ಒಂದು ಇನ್ನೊಂದಲ್ಲ ಎಂಬುದು ಅನ್ಯೋನ್ಯಾಭಾವ. “ಸಂಜೆ ಆರಕ್ಕೆ ರೆಡಿ ಸಾರ್,” ಎಂಬ ಮಾತಿನಲ್ಲಿ ಮೂರು ಕಾಲದಲ್ಲೂ ಗಾಡಿ ಇಲ್ಲದಿರುವುದು ಅತ್ಯಂತಾಭಾವ.

ಬಿಲ್ಲಿನ ವ್ಯಾಕರಣವನ್ನೂ ಗಮನಿಸಬೇಕು. ಅದು ಸದಾ ಕರ್ಮಣಿ ಪ್ರಯೋಗದಲ್ಲಿರುತ್ತದೆ: ‘ಬದಲಾಯಿಸಲಾಗಿದೆ’. ಬದಲಾಯಿಸಿದ ಕರ್ತೃ ಕಾಣುವುದಿಲ್ಲ, ಬದಲಾದ ಕರ್ಮವೂ ಕಾಣುವುದಿಲ್ಲ. ಆದ್ದರಿಂದ ಹಳೆಯ ಭಾಗವನ್ನು ವಾಪಸು ಕೇಳತಕ್ಕದ್ದು. ಕೇಳುವುದಾಗಿ ಮೊದಲೇ ಹೇಳಿದರೆ ಬದಲಾಗುವ ಭಾಗಗಳ ಸಂಖ್ಯೆಯಲ್ಲಿ ಗಣನೀಯ ಇಳಿಕೆ ಕಂಡುಬಂದಿದೆ. ಬಿಡಿಭಾಗಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ, ಮಜೂರಿಗೂ ಅಷ್ಟೇ.

ವಿಮೆಯನ್ನು ನಂಬಿದವರಿಗೆ ಒಂದು ಮಾತು. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗಳ ಬೆಲೆಯಲ್ಲಿ ಅರ್ಧ ಕಳೆಯುತ್ತಾರೆ, ಗಾಜಿಗೆ ಕಳೆಯುವುದಿಲ್ಲ. ಕ್ಲೈಮ್ ಮಾಡದೆ ಐದು ವರ್ಷ ತಪಸ್ಸು ಮಾಡಿದವನಿಗೆ ಸ್ವಂತ ಗಾಡಿಯ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡಾ 50 ರಿಯಾಯಿತಿ. ಒಂದು ಬಂಪರಿನ ಗೀರಿಗಾಗಿ ಆ ತಪಸ್ಸು ಕೆಡಿಸಿಕೊಂಡವನು ವಿಶ್ವಾಮಿತ್ರನಿಗೆ ಸಮಾನ. ಸವೆತಕ್ಕೆ ವಿಮೆಯಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ‘ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ’ ಎಂದು ಕೀಲಿ ತಿರುಗಿಸಬಾರದು. ಪಿಸ್ಟನ್ನು ಗಾಳಿಯನ್ನು ಅದುಮಬಲ್ಲದು, ನೀರನ್ನು ಅದುಮಲಾರದು. ಬಾಗುವುದು ಕನೆಕ್ಟಿಂಗ್ ರಾಡು. ಎಂಜಿನ್ನಿಗೆಂದು ಪ್ರತ್ಯೇಕ ರಕ್ಷಣೆ ಕೊಂಡಿರದಿದ್ದರೆ ಆ ಖರ್ಚು ಸಾಮಾನ್ಯವಾಗಿ ನಮ್ಮದೇ.

ಪೂರ್ವಪಕ್ಷ ಮತ್ತು ಖಂಡನೆ

ಇಲ್ಲಿ ಪೂರ್ವಪಕ್ಷಿಯಾಗಿ ನಮ್ಮ ಭಾವ ಎದ್ದು ನಿಲ್ಲುತ್ತಾರೆ. ಅವರು ಮೈಸೂರಿನಲ್ಲಿ ಎಲೆಕ್ಟ್ರಿಕ್ ಕಾರು ಕೊಂಡಿದ್ದಾರೆ. “ಆಯಿಲಿಲ್ಲ, ಕ್ಲಚ್ಚಿಲ್ಲ, ಸೈಲೆನ್ಸರಿಲ್ಲ. ನಿಮ್ಮ ಶಾಸ್ತ್ರದ ಅರ್ಧ ಭಾಗ ರದ್ದು,” ಎಂಬುದು ಅವರ ವಾದ. ಬ್ರೇಕ್ ಪ್ಯಾಡು ಕೂಡ ನಿಧಾನ ಸವೆಯುತ್ತದೆ ಎಂದು ಸೇರಿಸುತ್ತಾರೆ. ಮೋಟಾರೇ ಗಾಡಿಯನ್ನು ಹಿಡಿದೆಳೆದು ಕರೆಂಟು ವಾಪಸು ತುಂಬುವುದರಿಂದ ಅದೂ ನಿಜ.

ಖಂಡನೆ: ಬುಷ್ಷು ಇದೆ, ಬೇರಿಂಗು ಇದೆ, ಟೈರು ಇದೆ, ಬ್ಯಾಟರಿಯ ಭಾರಕ್ಕೆ ಟೈರು ಬೇಗ ಸವೆಯುತ್ತದೆ. ಮಿಗಿಲಾಗಿ, ದೊಡ್ಡ ಬ್ಯಾಟರಿಯ ಜೊತೆ ಬಹುತೇಕ ಆ ಗಾಡಿಗಳಲ್ಲಿ 12 ವೋಲ್ಟಿನ ಒಂದು ಪುಟ್ಟ ಬ್ಯಾಟರಿಯೂ ಇರುತ್ತದೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಗಾಡಿ ಕಣ್ಣು ಬಿಡುವುದಿಲ್ಲ. ಕಳೆದ ಯುಗಾದಿಯಂದು ಒಬ್ಬಟ್ಟಿನ ಡಬ್ಬಿ ಹಿಡಿದು ಆಟೋದಲ್ಲಿ ಬಂದಿಳಿದವರು ಯಾರೆಂದು ಶಿಷ್ಟಾಚಾರಕ್ಕಾಗಿ ಹೇಳುವುದಿಲ್ಲ. ಅಲ್ಲದೆ ಎಂಜಿನ್ನಿನ ಗದ್ದಲವಿಲ್ಲದ ಗಾಡಿಯಲ್ಲಿ ಸಣ್ಣ ಸದ್ದೂ ಕೇಳಿಸುತ್ತದೆ. ಭಾವನವರ ಗಾಡಿಯ ರೇಡಿಯೊ ನಮ್ಮದಕ್ಕಿಂತ ದೊಡ್ಡದು.

ಆತ್ಮವಿಚಾರ

ಮಿಲಿಂದನೆಂಬ ಗ್ರೀಕ ದೊರೆಯನ್ನು ನಾಗಸೇನನೆಂಬ ಭಿಕ್ಷು ಕೇಳಿದನಂತೆ: ನೀನು ಬಂದ ರಥ ಯಾವುದು? ಗಾಲಿಯೇ? ಅಚ್ಚೇ? ನೊಗವೇ? ಯಾವುದೂ ಅಲ್ಲ; ರಥವೆಂಬುದು ಬರೀ ಹೆಸರು. ನಮ್ಮ ಗಾಡಿಗೆ ನಾಲ್ಕನೇ ಬ್ಯಾಟರಿ, ಮೂರನೇ ಜೊತೆ ಟೈರು, ಎರಡನೇ ಕ್ಲಚ್ಚು, ಹೊಸ ರೇಡಿಯೇಟರು, ಗುಜರಿಯ ಕನ್ನಡಿ. 2009ರಲ್ಲಿ ಕೊಂಡ ಕಾರು ಎಲ್ಲಿದೆ?

ಉತ್ತರ ಆರ್.ಟಿ.ಒ. ಕಚೇರಿಯಲ್ಲಿ ದೊರೆಯಿತು. 15 ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಲು 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಶುಲ್ಕ ಈಗ 5,000. ಅಲ್ಲಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ. ಬೂದುಬಣ್ಣದಲ್ಲಿ ಹದಿನೇಳು ಅಕ್ಷರಗಳು ಮೂಡಿದವು. ಭಿಕ್ಷುವು ಕಾಣದೆ ಹೋದದ್ದು ಅದೇ. ಆತ್ಮವು ಇದೆ, ಬಾನೆಟ್ಟಿನ ಕೆಳಗೆ, ಸ್ವಲ್ಪ ತುಕ್ಕು ಹಿಡಿದು.

ಫಲಶ್ರುತಿ

ಈ ಶಾಸ್ತ್ರವನ್ನು ಆಯುಧಪೂಜೆಯಂದು ಪಠಿಸತಕ್ಕದ್ದು. ಚಕ್ರದಡಿ ನಿಂಬೆಹಣ್ಣು ಇಡುವುದರ ರಹಸ್ಯವನ್ನು ಇಲ್ಲಿ ಬಯಲು ಮಾಡುತ್ತೇವೆ: ಅದನ್ನಿಡಲು ವರ್ಷಕ್ಕೊಮ್ಮೆಯಾದರೂ ಒಡೆಯನು ಬಗ್ಗಬೇಕಾಗುತ್ತದೆ. ಬಗ್ಗಿದವನು ಟೈರಿನ ಗೀರಿನ ಆಳ ಸವೆದು 1.6 ಮಿಲಿಮೀಟರಿಗಿಂತ ಕಡಿಮೆಯಾಗಿದೆಯೇ ನೋಡಲಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಲಿ. 2319 ಎಂದಿದ್ದರೆ 2019ನೇ ವರ್ಷದ 23ನೇ ವಾರದಲ್ಲಿ ಹುಟ್ಟಿದ ಟೈರು. ಇನ್ನೂ ಸ್ವಲ್ಪ ಬಗ್ಗಿ ನೆಲದ ಮೇಲೆ ಹನಿಯಿದೆಯೇ, ಆಕ್ಸೆಲಿನ ಬೂಟು ಹರಿದಿದೆಯೇ ನೋಡಲಿ. ಬೂದುಗುಂಬಳ ಒಡೆದಾದ ಮೇಲೆ ಕುಂಕುಮವನ್ನು ವೈಪರಿನ ನೀರಿನ ತೂತಿಗೆ ಮೆತ್ತದಿರಲಿ.

ಇದನ್ನು ಒಮ್ಮೆ ಓದಿದವನಿಗೆ ಬ್ಯಾಟರಿದೋಷ ಪರಿಹಾರ. ಎರಡು ಸಲ ಓದಿದವನಿಗೆ ಎಸ್ಟಿಮೇಟು ಅರ್ಥವಾಗುವುದು. ಮೂರು ಸಲ ಓದಿದವನು ಬಸ್ಸಿನಲ್ಲಿ ಓಡಾಡುವನು.

ಉಪೋದ್ಘಾತದಲ್ಲಿ ಮುಂದೂಡಿದ್ದ ಪ್ರಯೋಜನವನ್ನು ಈಗ ಹೇಳಬೇಕು. ನಾಳೆ ಬೆಳಿಗ್ಗೆ ಮನೆಯಿಂದ ಮುಖ್ಯರಸ್ತೆಯವರೆಗೆ, ಕಿಟಕಿ ಇಳಿಸಿ, ರೇಡಿಯೊ ಆರಿಸಿ, ಗೋಡೆಯ ಪಕ್ಕದಲ್ಲಿ ಒಮ್ಮೆ ಗಾಡಿ ಓಡಿಸಿರಿ. ಎಡಗಡೆ ಸೀಟಿನಲ್ಲಿ ಆಪ್ತರಿದ್ದರೆ ಇನ್ನೂ ಒಳ್ಳೆಯದು. ಕೇಳಿಸಿಕೊಂಡದ್ದಕ್ಕೆ ಬಹುಶಃ 40 ರೂಪಾಯಿ ಆದೀತು.